ಬೋಟು ಎಳೆಯಲು ಹಳೆಯ ಡೀಸೆಲ್ ಪಿಕಪ್: ಮೊದಲು ಅಡಿ ನೋಡಿ, ಆಮೇಲೆ ಇಂಜಿನ್

ಪ್ರಶ್ನೆ: ನಮ್ಮ ಮನೆ ಕಾಪುವಿನಲ್ಲಿ. ನನ್ನ ಹತ್ತಿರ 22 ಅಡಿಯ ಒಂದು ಫೈಬರ್ ಬೋಟು ಉಂಟು, ಔಟ್‌ಬೋರ್ಡ್ ಇಂಜಿನ್ ಸಮೇತ. ಟ್ರೈಲರ್ ಸೇರಿ 1,400 ಕಿಲೋ ಇರಬಹುದು ಅಂತ ಅಂದಾಜು. ಟ್ರೈಲರ್‌ಗೆ ಬ್ರೇಕ್ ಇಲ್ಲ. ಮಲ್ಪೆ, ಹೆಜಮಾಡಿ, ಕೆಲವೊಮ್ಮೆ ಮಂಗಳೂರಿನ ಕಡೆ ಎಳೆದುಕೊಂಡು ಹೋಗಬೇಕು. ವರ್ಷಕ್ಕೆ ಒಂದೆರಡು ಸಲ ಘಾಟಿ ಹತ್ತಿಸಿ ಶರಾವತಿ ಹಿನ್ನೀರಿಗೆ ಒಯ್ಯುವ ಆಸೆಯೂ ಉಂಟು. ಹತ್ತು ಲಕ್ಷದ ಒಳಗೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಹುಡುಕುತ್ತಿದ್ದೇನೆ. 2017ರ ಇಸುಜು ವಿ-ಕ್ರಾಸ್ ಒಂದು, 2019ರ ಬೊಲೆರೊ ಕ್ಯಾಂಪರ್ ಒಂದು ನೋಡಿ ಇಟ್ಟಿದ್ದೇನೆ. ಕ್ಯಾಂಪರ್‌ನವರು "ಇಂಜಿನ್ ಗ್ಯಾರಂಟಿ" ಅನ್ನುತ್ತಾರೆ. ಏನೇನು ಚೆಕ್ ಮಾಡಬೇಕು?

ಉತ್ತರ: ಇಂಜಿನ್ ಗ್ಯಾರಂಟಿ ಅಂದಾಗ ಆಯ್ತು ಅನ್ನಿ, ಅನ್ನುತ್ತಲೇ ಗಾಡಿಯ ಅಡಿಗೆ ಹೋಗಿ ಮಾರಾಯ್ರೇ. ನಮ್ಮ ಕರಾವಳಿಯಲ್ಲಿ ಹಳೆಯ ಪಿಕಪ್‌ಗೆ ದೊಡ್ಡ ಶತ್ರು ತುಕ್ಕು. ಇಂಜಿನ್ ಹೋದರೆ ಬಿಚ್ಚಿ ಕೆಲಸ ಮಾಡಿಸಬಹುದು, ದುಡ್ಡು ಹೋಗುತ್ತದೆ ಅಷ್ಟೆ. ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ತಿಂದುಹೋದ ಗಾಡಿಗೆ ಒಂದೂವರೆ ಟನ್ ಹತ್ತಿರದ ಟ್ರೈಲರ್ ಸಿಕ್ಕಿಸಿ ಹೆದ್ದಾರಿ 66ಕ್ಕೆ ಇಳಿದರೆ ಹಿಂದೆ ಸ್ಕೂಟರ್‌ನಲ್ಲಿ ಬರುವವರ ಜೀವವೂ ನಿಮ್ಮ ಕೈಯಲ್ಲಿರುತ್ತದೆ. ಹಾಗಾಗಿ ನಾನು ಎಳೆಯುವ ಗಾಡಿ ನೋಡುವುದು ಈ ಕ್ರಮದಲ್ಲಿ: ಚಾಸಿ, ಬ್ರೇಕ್, ಕ್ಲಚ್, ಕೂಲಿಂಗ್, ಕೊನೆಗೆ ಇಂಜಿನ್. ಪೇಂಟು, ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಲೆಕ್ಕಕ್ಕೇ ಇಲ್ಲ.

ಗಾಡಿ ನೋಡಲು ಹೋಗುವ ಮೊದಲು ಒಂದು ಕೆಲಸ ಮಾಡಿ. ಯಾರದಾದರೂ ಗಾಡಿ ಕೇಳಿ ಪಡೆದು, ಬೋಟಿನ ಸಮೇತ ಟ್ರೈಲರನ್ನು ವೇ ಬ್ರಿಜ್‌ಗೆ ಒಯ್ಯಿರಿ. ಪೆಟ್ರೋಲ್ ತುಂಬಿಸಿ, ಲಂಗರು, ಹಗ್ಗ, ಐಸ್ ಬಾಕ್ಸ್ ಎಲ್ಲ ಹಾಕಿಯೇ ತೂಗಿ. ಅಂದಾಜಿಗಿಂತ ಅಸಲಿ ತೂಕ ಜಾಸ್ತಿ ಬರುವುದೇ ಹೆಚ್ಚು. ಆಮೇಲೆ ಟ್ರೈಲರ್‌ನ ಮುಂದಿನ ಸಣ್ಣ ಚಕ್ರ ಮಾತ್ರ ತಟ್ಟೆಯ ಮೇಲೆ ಬರುವ ಹಾಗೆ ನಿಲ್ಲಿಸಿ ಇನ್ನೊಮ್ಮೆ ತೂಗಿ. ಪಿಕಪ್‌ನ ಹಿಚ್, ಅಂದರೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಮೇಲೆ ಕೂರುವ ಭಾರ ಅದು. ಒಟ್ಟು ತೂಕದಲ್ಲಿ ಸುಮಾರು ನೂರಕ್ಕೆ ಹತ್ತರಷ್ಟು ಇದ್ದರೆ ಒಳ್ಳೆಯದು. ತೀರಾ ಕಡಿಮೆ ಇದ್ದರೆ ಬೋಟು ಹಿಂದಕ್ಕೆ ಕೂತಿದೆ ಅಂತ ಅರ್ಥ, ಅಂಥ ಟ್ರೈಲರ್ 60ರ ಸ್ಪೀಡಿಗೇ ಬಾಲ ಆಡಿಸಲು ಶುರು ಮಾಡುತ್ತದೆ. ಯಾವ ಪಿಕಪ್ ತಂದರೂ ಅದು ಸರಿಹೋಗುವುದಿಲ್ಲ, ಬೋಟನ್ನೇ ಮುಂದಕ್ಕೆ ಸರಿಸಬೇಕು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಿ-ಕ್ರಾಸ್ ಇಸುಜುವಿನ ಡಿ-ಮ್ಯಾಕ್ಸ್ ಸಾಲಿನ ಗಾಡಿ. ಡಿ-ಮ್ಯಾಕ್ಸ್ 3,500 ಕಿಲೋ ಎಳೆಯುತ್ತದೆ ಅಂತ ಆಸ್ಟ್ರೇಲಿಯಾದ ವಿಡಿಯೋಗಳಲ್ಲಿ ನೋಡಿರುತ್ತೀರಿ, ಅಲ್ವಾ? ಆ ಲೆಕ್ಕ ಅಲ್ಲಿಯ ಮೂರು ಲೀಟರ್ ಇಂಜಿನ್‌ನ ಗಾಡಿಗೆ, ಅದೂ ಬ್ರೇಕ್ ಇರುವ ಟ್ರೈಲರ್‌ಗೆ. ನಮ್ಮಲ್ಲಿ 2017ರಲ್ಲಿ ಬಂದದ್ದು ಎರಡೂವರೆ ಲೀಟರ್ ಇಂಜಿನ್. ಇಲ್ಲಿಯ ಗಾಡಿಯ ಓನರ್ ಮ್ಯಾನುಯಲ್ ಮತ್ತು ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿ ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ. ಹಿಚ್ ಮೇಲೆ ಕೂರುವ ಆ ನೂರ ನಲವತ್ತು ಕಿಲೋ, ಒಳಗೆ ಕೂರುವ ಜನ, ಹಿಂದೆ ಹಾಕುವ ಸಾಮಾನು ಎಲ್ಲವೂ ಆ ಮಿತಿಯ ಒಳಗೇ ಬರಬೇಕು.

ಈಗ ಚಾಸಿಗೆ ಬರುತ್ತೇನೆ. ಹಗಲು ಹೊತ್ತಿನಲ್ಲೇ ಹೋಗಿ, ಮಳೆ ಬರುವಾಗ ಬೇಡ. ಒದ್ದೆ ಗಾಡಿಯಲ್ಲಿ ಸೋರಿಕೆಯೂ ಕಾಣುವುದಿಲ್ಲ, ತುಕ್ಕೂ ಕಾಣುವುದಿಲ್ಲ. ಗಾಡಿಯನ್ನು ಲಿಫ್ಟ್ ಇರುವ ಗ್ಯಾರೇಜಿಗೆ ತರಲು ಹೇಳಿ, ಖರ್ಚು ನಿಮ್ಮದೇ ಇರಲಿ. ಲಿಫ್ಟಿಗೆ ಹತ್ತಿಸಲು ಒಪ್ಪದವರ ಗಾಡಿ ಬಿಟ್ಟುಬಿಡಿ, ಮತ್ತೆ ಮಾತೇ ಬೇಡ. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ, ಒಂದು ಉದ್ದದ ಸ್ಕ್ರೂಡ್ರೈವರ್, ಒಂದು ಟಾರ್ಚ್ ಇರಲಿ. ಹಿಂದಿನ ಆಕ್ಸಲ್ ದಾಟಲು ಚಾಸಿ ಮೇಲಕ್ಕೆ ಬಾಗಿ ಹೋಗುವ ಜಾಗ ಉಂಟಲ್ಲ, ಅಲ್ಲಿಂದ ಶುರು ಮಾಡಿ. ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಒಳಗಿನಿಂದ ತಿಂದ ಕಡೆ ಡಬ್ ಅಂತ ಸತ್ತ ಸದ್ದು ಬರುತ್ತದೆ, ಜೊತೆಗೆ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಕೈಗೆ ಉದುರುತ್ತದೆ. ಅಂಥ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೇಲ್ಮೈಯ ಕೆಂಪು ತುಕ್ಕು ನಮ್ಮ ಊರಿನ ಎಲ್ಲ ಗಾಡಿಗೂ ಇರುತ್ತದೆ, ಅದಕ್ಕೆ ಹೆದರಬೇಡಿ. ತುದಿ ಒಳಗೆ ಹೋಯಿತೋ, ಗಾಡಿ ಬೇಡ. ಚಾಸಿಯಲ್ಲಿ ನೀರು ಇಳಿಯಲು ಬಿಟ್ಟ ತೂತುಗಳಿರುತ್ತವೆ, ಅವುಗಳಲ್ಲಿ ಟಾರ್ಚ್ ಬಿಟ್ಟು ಒಳಗೆ ನೋಡಿ. ಮರಳು, ಮಣ್ಣು ತುಂಬಿ ಕೂತಿದ್ದರೆ ಆ ಜಾಗ ವರ್ಷವಿಡೀ ಒದ್ದೆಯಾಗಿಯೇ ಇದ್ದಿರುತ್ತದೆ.

ಅಡಿಗೆ ಹೊಸ ಕಪ್ಪು ಕೋಟಿಂಗ್ ಹೊಡೆದಿದ್ದರೆ? ಎಲ್ಲವೂ ಮೋಸ ಅಂತಲ್ಲ. ಜಾಗ್ರತೆ ಇರುವವರು ಪ್ರತಿ ಮಳೆಗಾಲದ ಮೊದಲು ಹೊಡೆಸುತ್ತಾರೆ, ಅಂಥ ಗಾಡಿಯಲ್ಲಿ ಹಳೆಯ ಪದರದ ಮೇಲೆ ಹೊಸ ಪದರ ಕಾಣುತ್ತದೆ. ಬೋಲ್ಟಿನ ತಲೆ, ರಬ್ಬರ್ ಬುಷ್, ಬ್ರೇಕ್ ಪೈಪ್, ಸೈಲೆನ್ಸರ್ ಯಾವುದನ್ನೂ ಬಿಡದೆ ಒಂದೇ ಸಮನೆ ಬಳಿದಿದ್ದರೆ ಮಾತ್ರ ಅದು ಮುಚ್ಚಲಿಕ್ಕೆ ಬಳಿದದ್ದು.

ನೀವು ನೋಡಿದ ಕ್ಯಾಂಪರ್ ಮೀನು ಸಾಗಿಸಿದ ಗಾಡಿಯಾ ಅಂತ ಪತ್ತೆ ಮಾಡುವುದು ಬಹಳ ಮುಖ್ಯ. ಮಾರುವವರನ್ನು ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ, ಹಾಗಾಗಿ ಗಾಡಿಯನ್ನೇ ಕೇಳಬೇಕು. ಮಲ್ಪೆ ಧಕ್ಕೆಯಿಂದ ಬಾಕ್ಸ್ ತುಂಬಿಕೊಂಡು ಹೊರಟ ಗಾಡಿಯಿಂದ ದಾರಿಯುದ್ದಕ್ಕೂ ಐಸ್ ಕರಗಿದ ಉಪ್ಪುನೀರು ತೊಟ್ಟಿಕ್ಕುತ್ತಿರುತ್ತದೆ. ಆ ನೀರು ಡೆಕ್‌ನ ಮೂಲೆಗಳಿಂದ ಇಳಿದು ಸೀದಾ ಚಾಸಿಯ ಮೇಲೆ, ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಹ್ಯಾಂಗರ್ ಮೇಲೆ, ಬ್ರೇಕ್ ಪೈಪಿನ ಮೇಲೆ ಬೀಳುತ್ತದೆ. ಸಮುದ್ರದ ಗಾಳಿ ಹತ್ತು ವರ್ಷಕ್ಕೆ ಮಾಡುವ ಕೆಲಸವನ್ನು ಅದು ಬೇಗ ಮಾಡಿ ಮುಗಿಸುತ್ತದೆ. ಡೆಕ್‌ನ ಮ್ಯಾಟ್ ಎತ್ತಿ ನೋಡಿ, ಹೊಸ ಶೀಟ್ ವೆಲ್ಡ್ ಮಾಡಿ ಕೂರಿಸಿದ್ದಾರಾ ನೋಡಿ. ಸ್ಟೆಪ್ನಿ ಇಳಿಸಿ ಅದರ ಮೇಲಿನ ಜಾಗ ನೋಡಿ, ಅಲ್ಲಿಗೆ ಯಾರೂ ಪೇಂಟ್ ಹೊಡೆಯುವುದಿಲ್ಲ. ವಾಸನೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಬಿಸಿಲಿಗೆ ನಿಂತ ಗಾಡಿಯ ಡೆಕ್ ಹತ್ತಿರ ಮೂಗು ತಂದರೆ ಗೊತ್ತಾಗುತ್ತದೆ.

ಕೆಂಪುಕಲ್ಲು ಹೊತ್ತ ಗಾಡಿಯ ಕಥೆ ಬೇರೆ. ಅಲ್ಲಿ ತುಕ್ಕು ಕಡಿಮೆ, ಓವರ್‌ಲೋಡ್ ಜಾಸ್ತಿ. ಕಮಾನು ಪಟ್ಟಿಗಳನ್ನು ಎಣಿಸಿ, ಎರಡೂ ಕಡೆ ಒಂದೇ ಲೆಕ್ಕ ಇರಬೇಕು. ಎಕ್ಸ್‌ಟ್ರಾ ಪಟ್ಟಿ ಹಾಕಿಸಿದ್ದರೆ ಕ್ಯಾಬಿನ್‌ನ ಹಿಂದುಗಡೆ ಚಾಸಿಯಲ್ಲಿ ಬಿರುಕು, ವೆಲ್ಡಿಂಗ್ ಗುರುತು ಹುಡುಕಿ. ಹಿಂದಿನಿಂದ ನಿಂತು ನೋಡಿದಾಗ ಕ್ಯಾಬಿನ್ ಮತ್ತು ಡೆಕ್ ಒಂದೇ ಗೆರೆಯಲ್ಲಿ ಇರಬೇಕು.

ಮೊದಲೇ ಹಿಚ್ ಹಾಕಿದ ಗಾಡಿ ಸಿಕ್ಕರೆ ಅನುಕೂಲ ಅಂತ ಅನಿಸುತ್ತದೆ. ನಾನು ಅದನ್ನೇ ಮೊದಲು ಅನುಮಾನದಿಂದ ನೋಡುತ್ತೇನೆ. ಹಿಚ್‌ನ ಫ್ರೇಮ್ ಎರಡೂ ಬದಿಯ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ್ದಿರಬೇಕು. ಬಂಪರ್‌ಗೆ ವೆಲ್ಡ್ ಮಾಡಿ ಬಾಲ್ ಸಿಕ್ಕಿಸಿದ್ದು ನೋಡಲು ಚಂದ, ಬೋಟು ಎಳೆಯಲು ಆಗದು. ಬೋಲ್ಟಿನ ತೂತು ಉದ್ದುದ್ದ ಆಗಿದೆಯಾ, ಸುತ್ತ ಪೇಂಟ್ ಬಿರಿದಿದೆಯಾ ನೋಡಿ. ಹಾಗಾಗಿದ್ದರೆ ತುಂಬಾ ಎಳೆದ ಗಾಡಿ ಅದು.

ಬ್ರೇಕ್. ಹಿಂದಿನ ಚಕ್ರಕ್ಕೆ ಹೋಗುವ ಕಬ್ಬಿಣದ ಪೈಪುಗಳನ್ನು ಉದ್ದಕ್ಕೂ ಬೆರಳು ಆಡಿಸಿ ನೋಡಿ, ಕ್ಲಿಪ್ ಹಿಡಿದಿರುವ ಜಾಗದಲ್ಲೇ ಅವು ಮೊದಲು ತಿಂದುಹೋಗುವುದು. ಹಿಂದಿನ ಡ್ರಮ್ ಬಿಚ್ಚಿಸಿ, ಆಕ್ಸಲ್ ಸೀಲ್ ಸೋರಿ ಲೈನರ್ ಮೇಲೆ ಆಯಿಲ್ ಬಂದಿದೆಯಾ ನೋಡಿ. ಇಂಜಿನ್ ಆಫ್ ಇರುವಾಗ ಪೆಡಲ್ ನಾಲ್ಕೈದು ಸಲ ತುಳಿದು ಗಟ್ಟಿಯಾದ ಮೇಲೆ ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು, ಇಳಿಯದಿದ್ದರೆ ಬೂಸ್ಟರ್ ಅಥವಾ ವ್ಯಾಕ್ಯೂಮ್ ಕಡೆ ತೊಂದರೆ ಉಂಟು. ಹ್ಯಾಂಡ್‌ಬ್ರೇಕ್ ಅನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ನಿಮಗೆ ಅದು ಬೇಕೇ ಬೇಕು, ಯಾಕೆಂದರೆ ಬೋಟು ನೀರಿಗೆ ಇಳಿಸುವಾಗ ಆ ಇಳಿಜಾರಿನಲ್ಲಿ ಗಾಡಿಯನ್ನೂ ಟ್ರೈಲರನ್ನೂ ಹಿಡಿದು ನಿಲ್ಲಿಸುವುದು ಅದೇ.

ಓಡಿಸಿ ನೋಡಲು ಊರೊಳಗೆ ಸುತ್ತಿದರೆ ಏನೂ ಗೊತ್ತಾಗದು. ನಾಲ್ಕು ಜನ ಕೂರಿಸಿಕೊಂಡು ಉಡುಪಿಯಿಂದ ಇಂದ್ರಾಳಿ ಮೇಲೆ ಮಣಿಪಾಲಕ್ಕೆ ಹತ್ತಿಸಿ. ಟ್ರಾಫಿಕ್ ಇಲ್ಲದ ಬೆಳಗಿನ ಹೊತ್ತು ಒಳ್ಳೆಯದು. ಏರಿನಲ್ಲಿ ನಾಲ್ಕನೇ ಗೇರ್ ಹಾಕಿ 40ರಲ್ಲಿ ಹೋಗುತ್ತಾ ಎಕ್ಸಲೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡ್ ಅಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಎರಡನೇ ಗೇರಿನಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಬೇಗ ಬೇಗ ಬದಲಾಯಿಸಿ, ಕರಕರ ಅನ್ನಬಾರದು. ಮೇಲೆ ಹೋದ ಮೇಲೆ ಪರ್ಕಳದ ಕಡೆ ಇಳಿಸಿ. ಎರಡನೇ ಗೇರಿನಲ್ಲಿ ಬಿಟ್ಟಾಗ ಇಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸಬೇಕು, ಗೇರ್ ತಾನೇ ಜಾರಿ ನ್ಯೂಟ್ರಲ್‌ಗೆ ಬರಬಾರದು. ಎಕ್ಸಲೇಟರ್ ಬಿಟ್ಟಾಗ ಹಿಂದಿನಿಂದ ಊಂ ಅಂತ ಗುಂಯ್‌ಗುಡುವ ಸದ್ದು ಬಂದರೆ ಹಿಂದಿನ ಹೌಸಿಂಗ್‌ನ, ಅಂದರೆ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯ, ಕ್ರೌನ್ ಗೇರ್ ಸವೆದಿದೆ.

ಆ ಹೌಸಿಂಗ್ ಆಯಿಲನ್ನು ಒಂದು ಬಾಟಲಿಗೆ ಸ್ವಲ್ಪ ಇಳಿಸಿ ನೋಡಲೇಬೇಕು. ಕಡಲತೀರದಲ್ಲಿ ಓಡಿದ ಗಾಡಿಯಲ್ಲಿ ಯಾಕೆ ಮುಖ್ಯ ಅಂದರೆ, ದೂರದಿಂದ ಓಡಿ ಬಂದ ಗಾಡಿಯ ಹೌಸಿಂಗ್ ಬಿಸಿ ಇರುತ್ತದೆ. ಅದೇ ಬಿಸಿಯಲ್ಲಿ ಹಿಂದಿನ ಚಕ್ರ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತದೆ, ಹಳೆಯ ಸೀಲ್, ಬ್ರೀದರ್ ಪೈಪಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಬೇರಿಂಗ್, ಕ್ರೌನ್ ಎಲ್ಲದರ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ನೀವು ಕೊಂಡ ಮೇಲೂ ಇದೇ ಮಾತು: ಬಿಸಿ ಗಾಡಿಯನ್ನು ನೀರಿಗೆ ಇಳಿಸಬೇಡಿ, ಅರ್ಧ ಗಂಟೆ ನಿಲ್ಲಲಿ, ಆದಷ್ಟೂ ಟ್ರೈಲರ್ ಮಾತ್ರ ನೀರಲ್ಲಿರಲಿ. ಮನೆಗೆ ಬಂದ ಕೂಡಲೇ ಅಡಿಗೆ ಸಿಹಿನೀರು ಹೊಡೆಯಿರಿ.

ವಿ-ಕ್ರಾಸ್‌ನಲ್ಲಿ ಫೋರ್ ವೀಲ್ ಡ್ರೈವ್ ಉಂಟು. ಅದನ್ನು ಒಣ ಟಾರು ರಸ್ತೆಯಲ್ಲಿ ಹಾಕಿ ತಿರುಗಿಸಬೇಡಿ, ಗೇರುಗಳ ಮೇಲೆ ಸುಮ್ಮನೆ ಒತ್ತಡ. ಮರಳು ಅಥವಾ ಒದ್ದೆ ಮಣ್ಣಿನ ಜಾಗಕ್ಕೆ ಒಯ್ದು 4ಎಚ್ (ಮಾಮೂಲಿ ವೇಗದ ಫೋರ್ ವೀಲ್), 4ಎಲ್ (ನಿಧಾನ, ಹೆಚ್ಚು ಎಳೆತದ ಫೋರ್ ವೀಲ್) ಎರಡೂ ಕೂರುತ್ತದಾ, ಮತ್ತೆ ಟೂ ವೀಲ್‌ಗೆ ವಾಪಸ್ ಬರುತ್ತದಾ ನೋಡಿ. ವರ್ಷಗಟ್ಟಲೆ ಬಳಸದೆ ಬಿಟ್ಟ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಮಿಣುಕುತ್ತಲೇ ಇರುತ್ತದೆ, ಒಳಗೆ ಗೇರ್ ಕೂತಿರುವುದಿಲ್ಲ.

ಇದು ನಿಮಗೆ ಯಾಕೆ ಬೇಕು ಅಂತ ವಿವರಿಸುತ್ತೇನೆ, ಎರಡರಲ್ಲಿ ಯಾವುದು ಅನ್ನುವ ಉತ್ತರವೂ ಇಲ್ಲೇ ಉಂಟು. ಬೋಟು ಇಳಿಸುವ ಇಳಿಜಾರಿನಲ್ಲಿ ಪಾಚಿ ಇರುತ್ತದೆ. ಪಿಕಪ್‌ನ ಹಿಂದುಗಡೆ ಖಾಲಿ, ಹಿಂದಿನ ಚಕ್ರದ ಮೇಲೆ ಭಾರ ಕಡಿಮೆ, ಎಳೆಯಬೇಕಾದದ್ದು ಒದ್ದೆ ಬೋಟು. ಹಿಂದಿನ ಚಕ್ರ ಮಾತ್ರ ತಿರುಗುವ ಗಾಡಿ ಅಲ್ಲೇ ಜಾರಿ ಸುತ್ತುತ್ತದೆ, ಡ್ರೈವರ್ ಅರ್ಧ ಕ್ಲಚ್‌ನಲ್ಲಿ ಒದ್ದಾಡಿ ಪ್ಲೇಟ್ ಸುಟ್ಟುಕೊಳ್ಳುತ್ತಾರೆ. 4ಎಲ್‌ನಲ್ಲಿ ಅದೇ ಕೆಲಸ ಕ್ಲಚ್ ಪೂರ್ತಿ ಬಿಟ್ಟು ನಡೆಯುವ ವೇಗದಲ್ಲಿ ಆಗುತ್ತದೆ. ಇನ್ನು ಶಕ್ತಿ: 2017ರ ವಿ-ಕ್ರಾಸ್‌ನ ಟಾರ್ಕ್ 320 ಎನ್‌ಎಂ, ಕ್ಯಾಂಪರ್‌ನದ್ದು 200ರ ಆಸುಪಾಸು. ಕೊಲ್ಲೂರು ದಾಟಿ ನಾಗೋಡಿ ಘಾಟಿಯ ತಿರುವಿನಲ್ಲಿ ಬೋಟು ಹಿಂದೆ ಇದ್ದಾಗ ಆ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ಕ್ಯಾಂಪರ್ ಗಟ್ಟಿ ಗಾಡಿ, ಸ್ಪೇರ್ ಎಲ್ಲಿ ಬೇಕಾದರೂ ಸಿಗುತ್ತದೆ, ರಿಪೇರಿ ಖರ್ಚೂ ಕಡಿಮೆ. ನಿಮ್ಮ ಬೋಟು, ಟ್ರೈಲರ್ ಸೇರಿ 700 ಕಿಲೋ ಆಗಿದ್ದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. 1,400 ಕಿಲೋಗೆ ನನ್ನ ಆಯ್ಕೆ ವಿ-ಕ್ರಾಸ್. ಚಾಸಿ ಪಾಸಾದರೆ ಮಾತ್ರ. ಅದರ ಸ್ಪೇರ್ ದುಬಾರಿ, ಒಂದು ಲಕ್ಷದಷ್ಟು ಹಣ ಕೈಯಲ್ಲಿ ಬೇರೆ ಇಟ್ಟುಕೊಂಡೇ ಕೊಳ್ಳಿ.

ಕೂಲಿಂಗ್ ಬಗ್ಗೆ ಎರಡು ಮಾತು. ರೇಡಿಯೇಟರ್‌ನ ಮುಂದಿನ ತೆಳು ಫಿನ್‌ಗಳು ಉಪ್ಪುಗಾಳಿಗೆ ಪುಡಿಯಾಗುತ್ತವೆ, ಬೆರಳು ತಾಗಿಸಿದರೆ ಉದುರಿದರೆ ರೇಡಿಯೇಟರ್ ಹೊಸದೇ ಬೇಕು. ಬರೀ ಗಾಡಿ ಓಡಿಸುವವರಿಗೆ ಅದು ನಡೆದೀತು, ಘಾಟಿಯಲ್ಲಿ ಎಳೆಯುವವರಿಗೆ ನಡೆಯದು. ಇಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಕೂಲಂಟ್ ಬಣ್ಣ ನೋಡಿ. ತುಕ್ಕಿನ ಕಂದು ಬಣ್ಣ ಇದ್ದರೆ ಬರೀ ನೀರು ಹಾಕಿ ಓಡಿಸಿದ್ದಾರೆ. ಮೇಲೆ ಎಣ್ಣೆ ತೇಲುತ್ತಿದ್ದರೆ, ಅಥವಾ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ತುಸು ಹೊತ್ತಿಗೇ ಮೇಲಿನ ಹೋಸ್ ಕಲ್ಲಿನಷ್ಟು ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಕೊನೆಗೆ ಇಂಜಿನ್. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ, ಹೋದ ಕೂಡಲೇ ಬಾನೆಟ್ ಎತ್ತಿ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿನ ಡೀಸೆಲ್ ಇಂಜಿನ್ ಒಂದೆರಡು ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗಬೇಕು. ಶುರುವಿನ ಹೊಗೆ ಕೂಡಲೇ ಹೋಗಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಟರ್ಬೊ ಸೀಲ್ ಇರಬಹುದು, ರಿಂಗ್ ಇರಬಹುದು. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟಿದೆ, ಇಲ್ಲವೇ ಕೂಲಂಟ್ ಒಳಗೆ ಹೋಗುತ್ತಿದೆ. ಎಕ್ಸಲೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ವಾಲ್ವ್) ಕೆಟ್ಟಿರಬಹುದು, ಇಲ್ಲವೇ ಇಂಟರ್‌ಕೂಲರ್ ಪೈಪ್ ಸೀಳಿರಬಹುದು, ಈ ಕೊನೆಯದು ಕಡಿಮೆ ಖರ್ಚಿನ ಕೆಲಸ.

ಇಂಜಿನ್ ಐಡಲ್‌ನಲ್ಲಿ ಇರುವಾಗ ಆಯಿಲ್ ಹಾಕುವ ಕ್ಯಾಪ್ ತೆಗೆದು ಅದೇ ತೂತಿನ ಮೇಲೆ ಕವುಚಿ ಇಡಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ. ಕುಣಿದು ಹಾರಿ ಬಿದ್ದರೆ ಪಿಸ್ಟನ್ ಪಕ್ಕದಿಂದ ಗ್ಯಾಸ್ ಕೆಳಗೆ ಇಳಿಯುತ್ತಿದೆ, ಇಂಜಿನ್ ಸವೆದಿದೆ. ಟರ್ಬೊಗೆ ಹೋಗುವ ಗಾಳಿಯ ಪೈಪ್ ಬಿಚ್ಚಿಸಿ, ಇಂಜಿನ್ ಆಫ್ ಇರುವಾಗ, ಒಳಗಿನ ಚಕ್ರ ಹಿಡಿದು ಆಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಬಹುದು, ಹಿಂದೆ ಮುಂದೆ ಆಡಲೇಬಾರದು. ಸ್ಕ್ಯಾನರ್ ಹಾಕಿ ಫಾಲ್ಟ್ ಕೋಡ್ ಮತ್ತು ಇಂಜೆಕ್ಟರ್ ಕರೆಕ್ಷನ್ ನೋಡುವ ಮೆಕ್ಯಾನಿಕ್ ಜೊತೆಗಿದ್ದರೆ ಒಳ್ಳೆಯದು. ಮುಂದೆ 2020ರ ನಂತರದ ಬಿಎಸ್6 ಗಾಡಿ ಕಣ್ಣಿಗೆ ಬಿದ್ದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಎಷ್ಟು ತುಂಬಿದೆ ಅಂತಲೂ ಅದರಲ್ಲೇ ನೋಡಿಸಿ, ಬರೀ ಸಣ್ಣ ಸಣ್ಣ ಓಡಾಟದ ಗಾಡಿಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ.

ನೆರೆಯಲ್ಲಿ ಮುಳುಗಿದ ಗಾಡಿಯ ಬಗ್ಗೆಯೂ ಹುಷಾರು. 2018ರಲ್ಲಿ ಕೇರಳ, ಕೊಡಗು, 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಉಡುಪಿ, ಎಲ್ಲ ಕಡೆ ನೆರೆ ಬಂದಿತ್ತು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಕೊನೆಯ ಭಾಗ ನೋಡಿ, ಕೆಸರಿನ ಗೆರೆ ಇದ್ದರೆ ಅಲ್ಲಿ ಉಳಿದಿರುತ್ತದೆ. ಟೈರ್‌ಗೆ ನಾಲ್ಕಂಕಿಯ ಡೇಟ್ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಗೀಟು ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟೈರಿನಲ್ಲಿ ಟ್ರೈಲರ್ ಎಳೆಯಬೇಡಿ.

ದಾಖಲೆ ಕಡೆ, ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ಇದೆಯಾ ಅಂತ ಎಂಪರಿವಾಹನ್‌ನಲ್ಲಿ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬಾರದೆ ದುಡ್ಡು ಕೊಡಬೇಡಿ. ಟ್ರಾನ್ಸ್‌ಫರ್‌ಗೆ ಫಾರ್ಮ್ 29, 30 ಸಹಿ ಹಾಕಿಸಿ. ಕಾಸರಗೋಡಿನ ಕೆಎಲ್ ಗಾಡಿ ಅಗ್ಗಕ್ಕೆ ಸಿಕ್ಕರೆ ಅಲ್ಲಿಯ ಎನ್‌ಒಸಿ ಮತ್ತು ಇಲ್ಲಿ ಕಟ್ಟಬೇಕಾದ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ, ಉಳಿತಾಯ ಅಲ್ಲೇ ಕರಗಬಹುದು. ಕ್ಯಾಂಪರ್ ಹಳದಿ ಬೋರ್ಡ್ ಆಗಿದ್ದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ರಿಜಿಸ್ಟ್ರೇಶನ್ ಬೇಕು. ನಿಮ್ಮದಕ್ಕೆ ಇಲ್ಲದಿದ್ದರೆ ಮೊದಲು ಉಡುಪಿ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಪಾಲಿಸಿಯಲ್ಲೂ ಟ್ರೈಲರ್ ಸೇರಿಸಿ ಬರೆಸಿ.

ಪಿಕಪ್‌ಗಿಂತ ಮೊದಲು ದುಡ್ಡು ಹಾಕಬೇಕಾದದ್ದು ನಿಮ್ಮ ಟ್ರೈಲರ್‌ನ ಬ್ರೇಕಿಗೆ. ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೈಲರ್‌ಗೆ 750 ಕಿಲೋ ಮಿತಿ. ನಿಮ್ಮದು ಅದರ ಹೆಚ್ಚುಕಡಿಮೆ ಎರಡರಷ್ಟು. ಓವರ್‌ರನ್ ಬ್ರೇಕ್ ಹಾಕಿಸಿ, ಪಿಕಪ್ ಬ್ರೇಕ್ ಹಾಕಿದಾಗ ಟ್ರೈಲರ್ ಮುಂದಕ್ಕೆ ತಳ್ಳುವ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುತ್ತದೆ, ಕರೆಂಟ್ ವೈರಿಂಗ್ ತಲೆಬಿಸಿ ಇಲ್ಲ. ಅದಿಲ್ಲದೆ ಘಾಟಿ ಇಳಿಯುವ ಯೋಚನೆ ಬೇಡ, ವಿ-ಕ್ರಾಸ್ ಆದರೂ ಬೇಡ. ಆ ಗಾಡಿ ಲಿಫ್ಟಿಗೆ ಹತ್ತಿದ ದಿನ ಹಿಂದಿನ ಆಕ್ಸಲ್ ಮೇಲಿನ ಚಾಸಿಯದ್ದು, ಬ್ರೇಕ್ ಪೈಪಿನದ್ದು ಹತ್ತಿರದಿಂದ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಅಡ್ವಾನ್ಸ್ ಅಲ್ಲಿಯವರೆಗೆ ಕೊಡಬೇಡಿ.